ಹೊಸ ಕಾಯಕದ ಮೊದಲ ಅಳತೆ

ಉದ್ಯೋಗ ದೊರೆಯುವುದು ಒಂದು ಸಂಗತಿ. ಕಾಯಕ ಆರಂಭವಾಗುವುದು ಬೇರೊಂದು ಸಂಗತಿ. ಮೊದಲನೆಯದು ನೇಮಕಾತಿಯ ಆದೇಶ ಕೈಸೇರಿದ ದಿನವೇ ಮುಗಿದುಹೋಗುತ್ತದೆ. ಮನೆಯವರು ಸಕ್ಕರೆ ಹಂಚುತ್ತಾರೆ, ನೆರೆಹೊರೆಯವರು ಹರಸುತ್ತಾರೆ, ಮಠಕ್ಕೆ ಬಂದು ಆ ಪತ್ರವನ್ನು ಗದ್ದುಗೆಯ ಮುಂದಿರಿಸಿ ನಮಿಸಿ ಹೋಗುವವರೂ ಉಂಟು. ಎರಡನೆಯದು ಹಾಗಲ್ಲ. ಅದು ಯಾವ ದಿನ ಆರಂಭವಾಯಿತೆಂದು ಬೊಟ್ಟುಮಾಡಿ ಹೇಳುವುದು ಕಷ್ಟ. ಮೂವತ್ತು ವರ್ಷ ಸಂಬಳವೆಣಿಸಿ ನಿವೃತ್ತರಾದ ಮೇಲೂ ಕೆಲವರ ಪಾಲಿಗೆ ಅದು ಆರಂಭವಾಗಿಯೇ ಇರುವುದಿಲ್ಲ.

ಕಾಯಕವೆಂದರೆ ಕೇವಲ ದುಡಿಮೆಯಲ್ಲವೆಂಬುದನ್ನು ವಾಚಕರು ಬಲ್ಲರು. ಅದು ಕಾಯದಿಂದ ಆಗತಕ್ಕದ್ದು, ಸತ್ಯಶುದ್ಧವಾಗಿರತಕ್ಕದ್ದು, ಮಾಡುವವನ ಹೊಟ್ಟೆಯನ್ನು ದಾಟಿ ದಾಸೋಹಕ್ಕೆ ಒದಗತಕ್ಕದ್ದು. ಈ ಲಕ್ಷಣಗಳ ವಿವರಣೆ ಹಲವು ಸಲ ಆಗಿದೆ. ಆದರೆ ಕಾಯಕವನ್ನು ತೊಡಗುವ ಬಗೆ ಹೇಗೆಂಬ ಪ್ರಶ್ನೆಯನ್ನು ಎತ್ತುವವರು ಕಡಮೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮೇದಾರನ ಮಗ ಬಿದಿರು ಸೀಳುವುದನ್ನೂ ಅಂಬಿಗನ ಮಗ ಹುಟ್ಟು ಹಾಕುವುದನ್ನೂ ತಂದೆಯ ಮಗ್ಗುಲಲ್ಲಿ ಆಡುತ್ತಾಡುತ್ತಲೇ ಕಲಿತುಬಿಡುತ್ತಿದ್ದರು. ಅವರಿಗೆ ಉದ್ಯೋಗದ ಮೊದಲ ದಿನವೆಂಬುದೇ ಇರಲಿಲ್ಲ. ಅದು ಇದ್ದುದು ತನ್ನದಲ್ಲದ ಊರಿಗೆ ಬಂದು, ಇತರರು ನಡೆಯಿಸುತ್ತಿದ್ದ ಕೆಲಸದೊಳಕ್ಕೆ ಕಾಲಿಟ್ಟವರಿಗೆ ಮಾತ್ರ.

ಅಂಥವರಲ್ಲಿ ಬಸವಣ್ಣನವರೇ ಒಬ್ಬರು. ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಗೆ ಸೇರಿರುವ ಮಂಗಳವಾಡಕ್ಕೆ ಬಂದು ಅವರು ಮೊದಲು ಕೈಕೊಂಡುದು ಭಂಡಾರದ ಕರಣಿಕನ ಕೆಲಸವನ್ನು. ಹರಿಹರನ ರಗಳೆಯ ಪ್ರಕಾರ, ಅಲ್ಲಿಯ ಲೆಕ್ಕಿಗರ ಲೆಕ್ಕದಲ್ಲಿ ನುಸುಳಿದ್ದ ತಪ್ಪನ್ನು ಅವರು ಕಂಡುಹಿಡಿದುದೇ ಸಿದ್ಧದಂಡಾಧೀಶನ ಮೆಚ್ಚಿಕೆಗೆ ಕಾರಣವಾಯಿತು. ಭಂಡಾರಿ, ದಂಡನಾಯಕ ಎಂಬ ಪದವಿಗಳು ಅನಂತರದವು. ಈ ಪ್ರಸಂಗವನ್ನು ಹಿಡಿದುಕೊಂಡು, ಹೊಸ ಕಚೇರಿಗೆ ಹೋದ ದಿನವೇ ಹಿರಿಯರ ತಪ್ಪುಗಳನ್ನು ಎತ್ತಿ ಆಡುವುದು ಶರಣಮಾರ್ಗವೆಂದು ತಿಳಿಯುವ ತರುಣರು ಇದ್ದಾರೆ. ಅವರು ಮರೆಯುವುದೇನೆಂದರೆ, ಬಸವಣ್ಣನವರು ಗಣಿತವನ್ನು ಬಲ್ಲವರಾಗಿದ್ದರು. ಬಾಯಿ ತೆರೆಯುವುದಕ್ಕೆ ಮುಂಚೆ ಎಣಿಸಿದ್ದರು.

ಇದಕ್ಕಿಂತಲೂ ಸೂಕ್ಷ್ಮವಾದ ಪಾಠವು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯಲ್ಲಿ ಅಡಗಿದೆ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು ಅಲ್ಲಿ ಹಿಡಿದ ಕಾಯಕ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಕಂಡೊಡನೆ ತಡೆದು, ಮಿಕ್ಕುದನ್ನು ಇದ್ದ ಕಡೆಯಲ್ಲೇ ಸುರಿದು ಬರುವಂತೆ ಹೇಳಿದರು. ಈ ಕಥೆಯನ್ನು ಹೇಳುವವರೆಲ್ಲರೂ ಆಕೆಯ ನಿರ್ಲೋಭವನ್ನು ಕೊಂಡಾಡುತ್ತಾರೆ, ಕೊಂಡಾಡತಕ್ಕದ್ದೇ. ಆದರೆ ಅದರ ಹಿಂದಿರುವ ಒಂದು ಸಣ್ಣ ಸಂಗತಿ ಬಹುಮಂದಿಯ ಕಣ್ಣಿಗೆ ಬೀಳುವುದಿಲ್ಲ. ಅಕ್ಕಿ ಹೆಚ್ಚಾಗಿದೆಯೆಂದು ಆಕೆಗೆ ತಿಳಿದುದಾದರೂ ಹೇಗೆ? ಎಂದಿನ ಅಳತೆ ಎಷ್ಟೆಂಬುದು ಆಕೆಗೆ ಗೊತ್ತಿತ್ತು. ದಿನವೂ ಅಳೆಯುತ್ತಿದ್ದ ಕೈಗೆ ಒಂದು ಹಿಡಿ ಹೆಚ್ಚಾದುದು ಕೂಡ ಭಾರವೆನಿಸಿತು. ಅಳೆಯದೆ ಮಡಕೆಗೆ ಸುರಿಯುವ ಮನೆಯಲ್ಲಿ ಎಷ್ಟೇ ನಿರ್ಲೋಭವಿದ್ದರೂ ಆ ಮಾತು ಹೊರಡುವ ಸಂಭವವಿಲ್ಲ.

ಹೊಸದಾಗಿ ಉದ್ಯೋಗಕ್ಕೆ ಸೇರಿದವನು ಮೊದಲ ದಿನಗಳಲ್ಲಿ ಸಂಪಾದಿಸಬೇಕಾದುದು ಈ ಅಳತೆಯನ್ನು. ತನ್ನ ಕೈಗೆ ಬಂದುದೇನು, ಎಷ್ಟು; ತನ್ನ ಅಧಿಕಾರಕ್ಕೆ ಒಳಪಟ್ಟುದು ಯಾವುದು, ಹೊರತಾದುದು ಯಾವುದು; ಯಾವ ಕೆಲಸಕ್ಕೆ ಎಷ್ಟು ದಿನ ಸಲ್ಲುತ್ತದೆ; ತನಗೆ ನ್ಯಾಯವಾಗಿ ಸೇರತಕ್ಕ ಹಣವೆಷ್ಟು. ಇವುಗಳನ್ನು ಅರಿಯದೆ ಪ್ರಾಮಾಣಿಕನಾಗಿರಬೇಕೆಂದು ಸಂಕಲ್ಪಿಸಿದವನ ಸಂಕಲ್ಪವು ಒಳ್ಳೆಯದೇ. ಆದರೆ ಅದಕ್ಕೆ ಕಣ್ಣಿಲ್ಲ.

ಈ ಮಾತು ಬರಿಯ ತತ್ತ್ವವಾಗಿ ಉಳಿಯದಂತೆ, ಒಂದು ಹುದ್ದೆಯನ್ನು ಎದುರಿಗಿರಿಸಿಕೊಂಡು ವಿಚಾರಿಸಬಹುದು. 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಗ್ರಾಮ ಆಡಳಿತ ಅಧಿಕಾರಿಗಳ ಒಂದು ಸಾವಿರ ಹುದ್ದೆಗಳಿಗೆ ಸ್ಪರ್ಧಾಪರೀಕ್ಷೆಯನ್ನು ನಡೆಸಿತು. ಹಿಂದೆ ಗ್ರಾಮಲೆಕ್ಕಿಗನೆನಿಸಿಕೊಂಡಿದ್ದ, ವಿಜಯಪುರ-ಬಾಗಲಕೋಟೆಗಳ ಕಡೆಯ ರೈತರು ಇಂದಿಗೂ ತಲಾಠಿ ಎನ್ನುವ ಹುದ್ದೆಯೇ ಇದು. 1961ರ ಗ್ರಾಮಹುದ್ದೆಗಳ ರದ್ದತಿಯ ಕಾಯಿದೆ ಬರುವವರೆಗೆ ಈ ಕೆಲಸ ಶಾನುಭೋಗ, ಕುಲಕರ್ಣಿ ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ನಡೆದುಬಂದಿತ್ತು. ಕುಲಕರ್ಣಿಯ ಮಗನಿಗೆ ಊರ ಹೊಲಗಳ ಬಾಂದುಕಲ್ಲುಗಳೆಲ್ಲ ಪರಿಚಿತ; ಮೋಡಿ ಲಿಪಿಯ ದಫ್ತರಗಳನ್ನು ಓದಬಲ್ಲವನೂ ಅವನೇ. ಆ ತಿಳಿವಳಿಕೆಯನ್ನು ಅವನು ಊರಿನ ಹಿತಕ್ಕೆ ಬಳಸಿದನೋ ಮನೆಯ ಹಿತಕ್ಕೆ ಬಳಸಿದನೋ ಎಂಬುದು ಬೇರೆ ಮಾತು. ಇಂದು ಆ ಸ್ಥಾನಕ್ಕೆ ಬರುವವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಹುಶಃ ಆ ಊರಿನ ಹೆಸರನ್ನೇ ಕೇಳಿರದ ತರುಣ-ತರುಣಿಯರು. ಹುಟ್ಟಿನ ಹಂಗು ತಪ್ಪಿತು. ಶರಣರು ಬಯಸಿದುದೂ ಅದನ್ನೇ. ಆದರೆ ಹುಟ್ಟಿನೊಡನೆ ಬರುತ್ತಿದ್ದ ತಿಳಿವಳಿಕೆಯೂ ಅದರ ಜೊತೆಯಲ್ಲೇ ತಪ್ಪಿತು. ಅದನ್ನು ಈಗ ನಡೆದು, ನೋಡಿ, ಕೇಳಿ ಪಡೆಯಬೇಕಾಗಿದೆ.

ಅಧಿಕಾರ ವಹಿಸಿಕೊಳ್ಳುವ ದಿನ ಹಿಂದಿನವನು ಒಂದು ಪಟ್ಟಿಯನ್ನು ಮುಂದಿಡುತ್ತಾನೆ. ಅದಕ್ಕೆ ಪ್ರಭಾರ ಪಟ್ಟಿಯೆಂದು ಹೆಸರು; ಚಾರ್ಜ್ ಲಿಸ್ಟ್ ಎಂದೇ ರೂಢಿ. ಗ್ರಾಮದ ನಕ್ಷೆ, ವಹಿಗಳು, ರಶೀದಿ ಪುಸ್ತಕಗಳು, ಮೊಹರು, ತೀರದೆ ಉಳಿದ ಅರ್ಜಿಗಳು ಎಲ್ಲವೂ ಅದರಲ್ಲಿ ಸಾಲಾಗಿ ಇರುತ್ತವೆ. ಹಿಂದಿನವನಿಗೆ ವರ್ಗವಾದ ಊರಿಗೆ ಹೊರಡುವ ಅವಸರ. ಹೊಸಬನಿಗೆ ಹಿರಿಯನ ಮುಂದೆ ಬಿಚ್ಚಿ ನೋಡಲು ಸಂಕೋಚ. “ಎಲ್ಲಾ ಬರೋಬರಿ ಅದ, ಸಹಿ ಮಾಡ್ರಿ” ಎಂಬ ಮಾತಿಗೆ ಅವನ ಲೇಖನಿ ತಾನಾಗಿ ಚಲಿಸುತ್ತದೆ. ನೌಕರಿಯ ಮೊದಲ ಸಹಿ ಅದು. ಆ ಕ್ಷಣದಿಂದ ಪಟ್ಟಿಯಲ್ಲಿದ್ದು ಕಪಾಟಿನಲ್ಲಿ ಇಲ್ಲದ ವಹಿಗೆ ಉತ್ತರ ಹೇಳತಕ್ಕವನು ಸಹಿ ಮಾಡಿದವನೇ. ವಸೂಲಾದ ಹಣ ಖಜಾನೆಗೆ ಸೇರದೆ ಉಳಿದಿದ್ದರೆ, ಅದು ತನ್ನ ಕಾಲದ್ದಲ್ಲವೆಂದು ತೋರಿಸುವ ಹೊರೆಯೂ ಅವನ ಹೆಗಲಿಗೇ ಏರುತ್ತದೆ.

ಸಂಕೋಚವು ಸದ್ಗುಣವೆಂದು ಇಲ್ಲಿ ಮೋಸಹೋಗಬಾರದು. ಪಟ್ಟಿಯ ಒಂದೊಂದು ಬಾಬನ್ನೂ ಕೈಯಲ್ಲಿ ಹಿಡಿದು ನೋಡಬೇಕು. ರಶೀದಿ ಪುಸ್ತಕದಲ್ಲಿ ಉಳಿದಿರುವ ಕಚೇರಿಯ ಪ್ರತಿಗಳ ಮೊತ್ತವನ್ನು ಕೂಡಿಸಿ, ಖಜಾನೆಗೆ ಕಟ್ಟಿದ ಚಲನ್‌ಗಳ ಮೊತ್ತದೊಡನೆ ತಾಳೆ ನೋಡಬೇಕು. ಬಳಸದೆ ಉಳಿದ ಹಾಳೆಗಳ ಕ್ರಮಸಂಖ್ಯೆಯನ್ನು ಎಣಿಸಬೇಕು. ಬಾಕಿ ಅರ್ಜಿಗಳನ್ನು ಎಣಿಸಿದರೆ ಸಾಲದು. ಯಾವುದು ಎಷ್ಟು ದಿನದಿಂದ ಬಿದ್ದಿದೆಯೆಂದು ತಾರೀಖಿನ ಪ್ರಕಾರ ಬರೆದಿಡಬೇಕು. ಸಿಕ್ಕದಿದ್ದುದನ್ನು ಸಿಕ್ಕದೆಂದು ಆ ಪಟ್ಟಿಯ ಮೇಲೆಯೇ ಬರೆದು, ಅದರ ಕೆಳಗೆ ಸಹಿ ಮಾಡಿದರೆ ಸಾಕು. ಹಿಂದಿನವನ ಶೀಲದ ಬಗ್ಗೆ ಒಂದು ಅಕ್ಷರವನ್ನೂ ಆಡಬೇಕಾದುದಿಲ್ಲ. ಇದು ಅವಮಾನವೆಂದು ಕೆರಳುವವರು ಕೆಲವರುಂಟು. ಆದರೆ ಸರಿಯಾಗಿ ಲೆಕ್ಕವಿಟ್ಟವನು ಹೊಸಬನ ಪಕ್ಕದಲ್ಲಿ ತಾನೇ ಕುಳಿತು ಎಣಿಸಿಕೊಡುತ್ತಾನೆ. ಅವನಿಗೂ ಆ ಪಟ್ಟಿಯೇ ರಕ್ಷೆ. ಮೊಹರಿನಂತೆಯೇ ಇಂದು ಗಣಕಯಂತ್ರದ ಪಾಸ್‌ವರ್ಡ್ ಕೂಡ. ಮೊದಲ ವಾರದಲ್ಲಿ ಕೆಲಸ ತಿಳಿಯದೆಂದು ಅದನ್ನು ಪಕ್ಕದವನಿಗೆ ಹೇಳಿಕೊಟ್ಟವನು ತನ್ನ ಸಹಿಯನ್ನೇ ಎರವಲು ಕೊಟ್ಟಂತಾಯಿತು.

ಈ ಹುದ್ದೆಯಲ್ಲಿ ಸಹಿಯ ತೂಕವೆಷ್ಟೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಬ್ಬ ರೈತ ತೀರಿಕೊಂಡನೆನ್ನಿ. ಅವನ ಹೊಲದ ಉತಾರದಲ್ಲಿ ವಾರಸುದಾರರ ಹೆಸರು ಏರಬೇಕು. ಮನೆಯ ಹಿರಿಯ ಮಗ ವಂಶವೃಕ್ಷವನ್ನು ಬರೆಯಿಸಿಕೊಂಡೇ ಚಾವಡಿಗೆ ಬರುತ್ತಾನೆ. ಅದರಲ್ಲಿ ತಾಯಿಯ ಹೆಸರಿದೆ, ಇಬ್ಬರು ಗಂಡುಮಕ್ಕಳ ಹೆಸರುಗಳಿವೆ. ಹೊಸಬನು ಮನೆಯಲ್ಲಿ ಬೇರೆ ಯಾರಾದರೂ ಉಂಟೆ ಎಂದು ಕೇಳಿದರೆ, “ತಂಗಿ ಒಬ್ಬಾಕಿ ಇದ್ದಾಳ್ರಿ ಸಾಹೇಬ್ರ, ಮದಿವ್ಯಾಗಿ ಹೋದಾಕಿ. ಆಕಿ ಹೆಸರ ಯಾಕ್ರಿ?” ಎಂಬ ಉತ್ತರ ಬರುತ್ತದೆ. ಕೇಳದಿದ್ದರೆ ಆ ಉತ್ತರವೂ ಬರುವುದಿಲ್ಲ. ಕಪಟವೇ ಇರಬೇಕೆಂದಿಲ್ಲ; ಬಹುಮಟ್ಟಿಗೆ ಅದು ರೂಢಿ. ಆದರೆ ಕಾನೂನಿನ ಮಾತು ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. 2005ರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂಬ ನಿಬಂಧನೆಯೂ ಇಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಗಂಡನ ಮನೆಗೆ ಹೋದುದರಿಂದ ಆ ಹಕ್ಕು ಅಳಿಯುವುದಿಲ್ಲ.

ಇನ್ನೊಂದು ಕಡೆ 1964ರ ಭೂಕಂದಾಯ ಕಾಯಿದೆಯು, ಹಕ್ಕುದಾಖಲೆಯಲ್ಲಿ ಬರೆದುದನ್ನು ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದೇ ಭಾವಿಸತಕ್ಕದ್ದೆಂದು ವಿಧಿಸಿದೆ. ಹೊಸಬನು ಊರೊಳಗೆ ನಾಲ್ಕು ಮನೆ ವಿಚಾರಿಸುವ ಶ್ರಮವನ್ನು ಉಳಿಸಿಕೊಂಡು ಬರೆದ ವರದಿಯ ಮೇಲೆ ದಾಖಲೆ ನಿಂತರೆ, ಅದನ್ನು ಸುಳ್ಳೆಂದು ಸಾಧಿಸುವ ಹೊರೆ ಎಲ್ಲೋ ದೂರದ ಊರಿನಲ್ಲಿ ಕೂಲಿಗೆ ಹೋಗುತ್ತಿರುವ ಆ ಹೆಣ್ಣುಮಗಳ ಮೇಲೆ ಬೀಳುತ್ತದೆ. ಆಕೆ ವಕೀಲರನ್ನು ಹಿಡಿಯಬೇಕು, ಅಣ್ಣತಮ್ಮಂದಿರೊಡನೆ ನ್ಯಾಯಾಲಯದಲ್ಲಿ ಎದುರುಬದುರಾಗಬೇಕು, ತವರಿನ ಹಬ್ಬದ ಕರೆಯನ್ನು ಕಳೆದುಕೊಳ್ಳಬೇಕು. ಚಾವಡಿಯಲ್ಲಿ ಕುಳಿತು ಮಾಡಿದ ಐದು ನಿಮಿಷದ ಕೆಲಸ ಒಂದು ಮನೆತನಕ್ಕೆ ಹತ್ತು-ಹದಿನೈದು ವರ್ಷಗಳ ವ್ಯಾಜ್ಯವಾಗಿ ಬೆಳೆಯುವುದು ಹೀಗೆ. ಹಾಗೆಂದು ಹೊಸಬನು ತಾನೇ ನ್ಯಾಯಾಧೀಶನಾಗಿ ಅಣ್ಣತಂಗಿಯರ ಪಾಲನ್ನು ಹಂಚಲು ಹೊರಡುವುದೂ ತಪ್ಪು. ಕಂಡುದನ್ನು ಕಂಡಂತೆ ಬರೆದು ವರದಿ ಮಾಡುವುದು ಅವನ ಪಾಲಿನ ಕೆಲಸ. ತಕರಾರು ಬಂದರೆ ವಿಚಾರಿಸಿ ತೀರ್ಮಾನಿಸತಕ್ಕವರು ಮೇಲಿನವರು. ಅಧಿಕಾರದ ಅಳತೆಯನ್ನು ಅರಿಯದ ಉತ್ಸಾಹದಿಂದ ಆಗುವ ಕೇಡು ಆಲಸ್ಯದ ಕೇಡಿಗಿಂತ ಕಡಮೆಯದೇನೂ ಅಲ್ಲ.

ಆ ನಾಲ್ಕು ಮನೆಗಳು ಯಾವುವು? ಯಾರನ್ನು ಕೇಳಿದರೆ ನಿಜ ಹೊರಡುತ್ತದೆ? ಇದನ್ನು ಬಲ್ಲವನು ಚಾವಡಿಯ ಬಾಗಿಲಲ್ಲಿ ನಿಂತಿರುವ ಗ್ರಾಮಸಹಾಯಕ. ಹಿಂದಿನ ದಿನಗಳ ವಾಲೀಕಾರ. ಅವನ ಗೌರವಧನ ಅಲ್ಪ, ಓದು ಅಲ್ಪ, ವಯಸ್ಸು ಮಾತ್ರ ಹೊಸಬನ ತಂದೆಯದು. ಯಾವ ಹೊಲಕ್ಕೆ ಯಾವ ದಾರಿಯಿಂದ ಎತ್ತು ಹೋಗುತ್ತವೆ, ಯಾವ ಎರಡು ಮನೆಗಳ ನಡುವೆ ಮಾತಿಲ್ಲ, ಯಾವ ಮುದುಕಿಯ ಪಿಂಚಣಿ ನಿಂತುಹೋಗಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಬಿಸಿಯಲ್ಲಿ ಅವನನ್ನು ಏಕವಚನದಲ್ಲಿ ಕೂಗಿದವನಿಗೆ ಆ ಊರು ಬಾಯಿ ಬಿಡುವುದಿಲ್ಲ. ಸಂಬೋಧನೆಯಂಥ ಸಣ್ಣ ವಿಷಯವನ್ನೂ ಬಸವಣ್ಣನವರು ವಚನದಲ್ಲಿ ಎತ್ತಿದುದು ಏತಕ್ಕೆಂಬುದು ಇಂಥ ಚಾವಡಿಗಳಲ್ಲಿ ತಿಳಿಯುತ್ತದೆ. ಆದರೆ ಗೌರವ ಬೇರೆ, ಅಧೀನತೆ ಬೇರೆ. ಸಹಾಯಕನು ಹೇಳಿದುದನ್ನು ಕೇಳಬೇಕು. ಬಳಿಕ ಹೊಲಕ್ಕೆ ಹೋಗಿ ಕಣ್ಣಿಂದ ನೋಡಬೇಕು.

ದಿನಗಳ ಅಳತೆಯನ್ನು ಸರಕಾರವೇ ಗೊತ್ತುಪಡಿಸಿರುವುದರಿಂದ ಅದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. 2011ರಲ್ಲಿ ಅಂಗೀಕಾರವಾಗಿ ಮರುವರ್ಷ ರಾಜ್ಯದಾದ್ಯಂತ ಆಚರಣೆಗೆ ಬಂದ ಸಕಾಲ ಕಾಯಿದೆಯ ಪ್ರಕಾರ ಪ್ರತಿಯೊಂದು ಸೇವೆಗೂ ಅವಧಿಯುಂಟು. ತಡವಾದ ದಿನವೊಂದಕ್ಕೆ 20 ರೂಪಾಯಿನಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರವೂ ಉಂಟು. ಹೊಸಬನು ತನ್ನ ಮೇಜಿಗೆ ಬರುವ ಸೇವೆಗಳ ಅವಧಿಯನ್ನು ಒಂದು ಹಾಳೆಯಲ್ಲಿ ಬರೆದು ಎದುರಿಗೆ ತೂಗುಹಾಕಿಕೊಂಡರೆ ಅದೇ ಸಾಕು.

ಇಷ್ಟರಲ್ಲಿ ಮೊದಲ ತಿಂಗಳು ತುಂಬುವುದಕ್ಕೆ ಮುಂಚೆಯೇ ಒಂದು ಪ್ರಸಂಗ ಒದಗುವುದುಂಟು. ಕೆಲಸವಾದ ರೈತನೊಬ್ಬ ಒಂದು ಚೀಲ ಜೋಳವನ್ನೋ ಎರಡು ಪೆಂಟೆ ಬೆಲ್ಲವನ್ನೋ ಹೊತ್ತು ತರುತ್ತಾನೆ; ಅಥವಾ ಮೇಜಿನ ಮೇಲಿನ ಕಾಗದಗಳ ಕೆಳಗೆ ಎರಡು ನೋಟುಗಳು ಸರಿಯುತ್ತವೆ. “ಇದು ಇಲ್ಲಿ ಮಾಮೂಲು” ಎಂಬ ಸಮಾಧಾನ ಪಕ್ಕದಿಂದ ಕೇಳಿಬರುತ್ತದೆ. ಮಾಮೂಲೆಂದರೆ ರೂಢಿಯಾದುದು ಎಂದಷ್ಟೇ ಮೂಲದ ಅರ್ಥ. ಅದು ಲಂಚಕ್ಕೆ ಹೆಸರಾಗಿ ನಿಂತುದನ್ನು ನೋಡಿದರೆ, ಕೆಡುಕು ಕಚೇರಿಯೊಳಗೆ ಯಾವ ಬಾಗಿಲಿನಿಂದ ಬರುತ್ತದೆಂಬುದನ್ನು ಭಾಷೆಯೇ ಸಾಕ್ಷಿ ನುಡಿದಂತಿದೆ. ಕಸಗುಡಿಸುವ ಕಾಯಕದ ಸತ್ಯಕ್ಕನವರು ಲಂಚಕ್ಕೆ ಕೈಯೊಡ್ಡುವುದಿಲ್ಲವೆಂದೂ, ದಾರಿಯಲ್ಲಿ ಬಿದ್ದ ಪರರ ಒಡವೆಯನ್ನು ಮುಟ್ಟುವುದಿಲ್ಲವೆಂದೂ ಆಣೆಯಿಟ್ಟು ನುಡಿದ ವಚನವೊಂದುಂಟು. ಎಂಟುನೂರು ವರ್ಷಗಳ ಹಿಂದೆ ಕಸಬರಿಕೆ ಹಿಡಿದ ಹೆಣ್ಣುಮಗಳು ಲಂಚದ ಮಾತೆತ್ತಿದಳೆಂದರೆ, ಆ ಕಾಲದಲ್ಲಿಯೂ ಅದು ಅರಮನೆಗೆ ಮಾತ್ರ ಸೇರಿದ ರೋಗವಾಗಿರಲಿಲ್ಲವೆಂದು ತಿಳಿಯತಕ್ಕದ್ದು.

ಕಾನೂನು ಈ ವಿಷಯದಲ್ಲಿ ನಿಷ್ಠುರವಾಗಿದೆ. 1988ರ ಭ್ರಷ್ಟಾಚಾರ ನಿಗ್ರಹ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯ ಮೇಲೆ, ಲಂಚ ಪಡೆದ ನೌಕರನಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸ. ಆದರೆ ಶಿಕ್ಷೆಯ ಭಯದಿಂದ ಕೈ ಹಿಂತೆಗೆದವನಿಗೆ ಮೊದಲ ತಿಂಗಳಿನಲ್ಲೇ ಒಂದು ತೊಡಕು ಎದುರಾಗುತ್ತದೆ: ಜೋಳ ತಂದ ರೈತ ಲಂಚವೆಂದು ತಂದಿರುವುದಿಲ್ಲ. ಹೊಲದ ಬೆಳೆ, ಪ್ರೀತಿಯ ಕೊಡುಗೆ. ಅವನನ್ನು ಗದರಿಸಿ ಕಳುಹಿಸಿದರೆ ಆ ಮನಸ್ಸು ನೋಯುತ್ತದೆ. ಇರಿಸಿಕೊಂಡರೆ ಹಿಂದೆ ನಿಂತು ನೋಡುತ್ತಿರುವ ನಾಲ್ವರು ಅಳತೆಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಮರುದಿನ ಬರುವವನು ಕೆಲಸಕ್ಕೆ ಮುಂಚೆಯೇ ಚೀಲ ತರುತ್ತಾನೆ. ಅದರ ಮರುದಿನ ಬರುವ ಬಡವನು ಚೀಲವಿಲ್ಲವೆಂಬ ನಾಚಿಕೆಯಿಂದ ಚಾವಡಿಯ ಹೊರಗೇ ನಿಲ್ಲುತ್ತಾನೆ. ಆದುದರಿಂದ ಆ ಮೊದಲನೆಯ ಚೀಲವನ್ನು, ಎಲ್ಲರ ಕಣ್ಣೆದುರಿನಲ್ಲಿ, ಒಳ್ಳೆಯ ಮಾತಿನೊಡನೆ ತಂದವನ ಗಾಡಿಗೇ ಏರಿಸುವುದು ಲೇಸು. ಜೋಳ ಅಷ್ಟು ಚೆನ್ನಾಗಿದ್ದರೆ ಊರ ಮಠದ ದಾಸೋಹಕ್ಕೆ ಅವನ ಹೆಸರಿನಲ್ಲಿಯೇ ಅವನೇ ಮುಟ್ಟಿಸಲಿ.

ಈಗಿನ ಕಾಲಕ್ಕೆ ವಿಶೇಷವಾದ ಇನ್ನೊಂದು ಅಡ್ಡಿಯನ್ನು ಹೇಳದಿರಲಾಗದು. ಈ ಹುದ್ದೆಗೆ ಬಂದ ಹಲವರು ಇದಕ್ಕಿಂತ ದೊಡ್ಡ ಪರೀಕ್ಷೆಗೆ ಓದುತ್ತಿರುವವರು. ಅದು ತಪ್ಪಲ್ಲ, ಅನುಮತಿ ಪಡೆದು ಬರೆಯಲು ಅವಕಾಶವೂ ಇದೆ. ತಪ್ಪಾಗುವುದು ಮೇಜಿನ ಮೇಲೆ ಅರ್ಜಿಯೂ ಮೇಜಿನ ಕೆಳಗೆ ಪುಸ್ತಕವೂ ಇದ್ದಾಗ. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ಬಿದ್ದರೂ ಅವರು ನಿಲ್ಲಲಿಲ್ಲ. ಕೊನೆಗೆ ಮಡಿವಾಳ ಮಾಚಯ್ಯನವರು ನಡುವೆ ಬಂದು ಮಾತನಾಡಬೇಕಾಯಿತು. ಲಿಂಗಪೂಜೆಯ ನೆಪದಿಂದಲೇ ಕಾಯಕವನ್ನು ಬಿಡಲೊಲ್ಲದ ಪರಂಪರೆಯಲ್ಲಿ, ಪರೀಕ್ಷೆಯ ನೆಪಕ್ಕೆ ಎಷ್ಟು ಬೆಲೆ ಸಿಕ್ಕೀತು? ಓದು ಬೆಳಗಿನ ಜಾವಕ್ಕೆ ಸಲ್ಲಲಿ. ಕಚೇರಿಯ ಹೊತ್ತು ಚಾವಡಿಯ ಮುಂದೆ ಕುಳಿತವರದು.

ಕೊನೆಯದಾಗಿ ಹಣದ ಮಾತು. ಸೇವಾಪುಸ್ತಕ ತೆರೆಯುವುದು, ಪ್ರಮಾಣಪತ್ರಗಳ ಪರಿಶೀಲನೆ, ಕಡ್ಡಾಯ ವಿಮೆಯ ಕಾಗದಗಳು ಎಂದು ಹೊಸಬನ ಮೊದಲ ಸಂಬಳ ಕೆಲವು ಸಲ ತಿಂಗಳುಗಟ್ಟಲೆ ತಡವಾಗುವುದುಂಟು. ಬಾಡಿಗೆ ಕೋಣೆ, ಊಟ, ಓಡಾಟದ ಖರ್ಚು ನಿಲ್ಲುವುದಿಲ್ಲ. ಪ್ರಾಮಾಣಿಕನೂ ಮುಗ್ಗರಿಸುವ ಸ್ಥಳ ಇದೇ. ಊರಿನ ಅನುಕೂಲಸ್ಥನೊಬ್ಬ ತಾನಾಗಿ ಬಂದು, ಸಂಬಳವಾದ ಮೇಲೆ ಕೊಡಿರೆಂದು ಹತ್ತು ಸಾವಿರ ರೂಪಾಯಿ ಮುಂದಿಡುತ್ತಾನೆ. ಅದು ಲಂಚವಲ್ಲ, ಕೈಗಡ. ಮರಳಿಸುವ ಸಂಕಲ್ಪವೂ ನಿಜ. ಆದರೆ ಅವನ ಹೊಲದ ಕಾಗದವೊಂದು ಅದೇ ಮೇಜಿನ ಮೇಲೆ ಬರುವ ದಿನ ದೂರವಿರುವುದಿಲ್ಲ. ಕಾಗದ ಬಿಚ್ಚುವಾಗ ಆ ಹತ್ತು ಸಾವಿರ ನೆನಪಿಗೆ ಬಾರದಿರುವುದೂ ಸಾಧ್ಯವಿಲ್ಲ. ತಾನು ಕಡತ ನೋಡಬೇಕಾದ ಯಾರಿಂದಲೂ ಆ ತಿಂಗಳುಗಳಲ್ಲಿ ಒಂದು ರೂಪಾಯಿಯನ್ನೂ ಎರವಲು ಪಡೆಯತಕ್ಕದ್ದಲ್ಲ. ಮನೆಯಿಂದ ಹೊರಡುವಾಗಲೇ ತಾಯಿತಂದೆಗಳೊಡನೆ ಕುಳಿತು ನಾಲ್ಕು ತಿಂಗಳ ಖರ್ಚನ್ನು ಲೆಕ್ಕಹಾಕಿ, ಅಷ್ಟನ್ನು ಹೇಗಾದರೂ ಹೊಂದಿಸಿಕೊಂಡು ಬರುವುದು ಉತ್ತಮ. ಸಕ್ಕರೆ ಹಂಚುವ ಖರ್ಚಿನಲ್ಲಿ ಸ್ವಲ್ಪ ಉಳಿದರೂ ಅದಕ್ಕೆ ಒದಗೀತು. ಅದೂ ಸಾಲದೆ ಹೋದರೆ ಊಟವನ್ನು ಖಾನಾವಳಿಯ ವಹಿಯಲ್ಲಿ ತಾರೀಖಿನೊಡನೆ ಬರೆಯಿಸುತ್ತ ಹೋಗಬಹುದು. ಬಾಕಿ ನಿಲ್ಲಿಸಿದ ಹೊಸ ನೌಕರರನ್ನು ಖಾನಾವಳಿಯ ಅವ್ವ ಬಹಳ ಮಂದಿಯನ್ನು ಕಂಡಿರುತ್ತಾಳೆ. ರೊಟ್ಟಿಯ ಲೆಕ್ಕವನ್ನು ಅವಳೇ ತಪ್ಪದೆ ಇಡುತ್ತಾಳೆ.